ಎರಡು ಚಂದ್ರರ ಗ್ರಹದಲ್ಲಿ ಸಂಕಷ್ಟಿ

ಖಾನಾಪುರದಲ್ಲಿರುವ ನನ್ನ ಅಕ್ಕನ ತೊಡೆಯ ಮೂಳೆ ಮುರಿದದ್ದಕ್ಕೆ ನೇರ ಹೊಣೆಗಾರ ಒಂದು ಮಂಗ. ಅಂಗಳದಲ್ಲಿ ಒಣಹಾಕಿದ್ದ ಹಪ್ಪಳವನ್ನು ಮಂಗ ಎತ್ತಿಕೊಂಡಿತು, ಅಕ್ಕ ಬಡಿಗೆ ಎತ್ತಿಕೊಂಡಳು, ಇಬ್ಬರೂ ಓಡಿದರು. ಇಬ್ಬರಲ್ಲಿ ಎಪ್ಪತ್ತು ದಾಟಿದವರು ಒಬ್ಬರೇ ಆದ್ದರಿಂದ ಬಿದ್ದವರೂ ಒಬ್ಬರೇ. ಮಂಗ ಹಂಚಿನ ಮೇಲೆ ಕುಳಿತು ಹಪ್ಪಳವನ್ನು ಒಂದು ಸಲ ಕಚ್ಚಿ ನೋಡಿ, ಉಪ್ಪು ಹೆಚ್ಚಾಗಿದೆ ಎಂಬಂತೆ ಮುಖ ಮಾಡಿ ಕೆಳಗೆಸೆಯಿತಂತೆ. ಅಕ್ಕನಿಗೆ ಇವತ್ತಿಗೂ ಮೂಳೆಗಿಂತ ಆ ಅಭಿಪ್ರಾಯವೇ ಹೆಚ್ಚು ನೋಯುತ್ತದೆ.

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ರಾಡ್ ಹಾಕಿ ಮೂಳೆ ಕೂಡಿಸಿದರು. ಕೆಲಸ ಚೊಕ್ಕವಾಗಿತ್ತು. ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, "ಎಲುಬು ತನ್ನ ಕೆಲಸಾ ಮಾಡೇತಿ. ಇನ್ನ ನೀವು ನಿಮ್ಮ ಕೆಲಸಾ ಮಾಡ್ರಿ" ಅಂದರು. ಅಕ್ಕನ ಕೆಲಸವೆಂದರೆ ನಡೆಯುವುದು. ಈಗಲೇ ವಾಕರ್ ಹಿಡಿದು ಹೆಜ್ಜೆ ಹಾಕದಿದ್ದರೆ ಕಾಲಿನ ಬಲ ಕರಗಿಹೋಗುತ್ತದೆ, ಆಮೇಲೆ ಏಳುತ್ತೇನೆಂದರೂ ಏಳಲಾಗದು, ಮುಂದಿನದೆಲ್ಲ ಹಾಸಿಗೆಯ ಮೇಲೆಯೇ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಹೋಗಿ ಅಕ್ಕನಿಗೂ ಹೇಳಿದರು. ಅಕ್ಕ ತಲೆಯಾಡಿಸಿದಳು. ಖಾನಾಪುರಕ್ಕೆ ಬಂದು ಮಲಗಿದಳು. ಆಮೇಲೆ ಏಳಲೇ ಇಲ್ಲ.

ಸೋಮಾರಿತನವಲ್ಲ ಅದು. ಸೋಮಾರಿತನವೆಂದರೇನೆಂದು ಅಕ್ಕ ನನ್ನನ್ನು ನೋಡಿಯೇ ತಿಳಿದವಳು. ಅದು ಹೆದರಿಕೆ. ಜೀವಮಾನವಿಡೀ ಯಾವುದಕ್ಕೂ ಹೆದರದವರಿಗೆ ಹೆದರಿಕೆ ಬಂದರೆ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಬೆಳಗಾವಿಯಿಂದ ವ್ಯಾಯಾಮ ಕಲಿಸಲು ಬಂದ ಹುಡುಗಿ, "ಅಜ್ಜೀ, ಒಂದ ಹೆಜ್ಜಿ" ಅಂದರೆ, "ಮತ್ತ ಬಿದ್ರ ನೀ ಹಿಡೀತೀ? ನಿನ್ನ ಮಾರಿ ನೋಡಿದ್ರ ನಿನ್ನನ್ನ ನಾ ಹಿಡೀಬೇಕು" ಅನ್ನುತ್ತಿದ್ದಳು. ಆ ಹುಡುಗಿ ಮಲಗಿದಲ್ಲೇ ಮಾಡುವ ವ್ಯಾಯಾಮಗಳನ್ನಷ್ಟು ಮಾಡಿಸಿ ಹೋಗುತ್ತಿದ್ದಳು. ವಾಕರ್ ಎಂಬ ಆ ನಾಲ್ಕು ಕಾಲಿನ ಕಬ್ಬಿಣಕ್ಕೆ ಅಕ್ಕ 'ಆಡು' ಎಂದು ಹೆಸರಿಟ್ಟಳು. ಆಡಿನ ಮೇಲೆ ಟವೆಲ್ ಒಣಗುತ್ತಿತ್ತು.

ಅಳಿಯ ಹಂಚಿನ ಕಾರ್ಖಾನೆಗೆ ಹೋಗುತ್ತಾನೆ, ಅವನ ಹೆಂಡತಿ ಶಾಲೆಗೆ. ನಮ್ಮ ಕಡೆ ಅಕ್ಕನ ಮಗನಿಗೆ ಅಳಿಯ ಎನ್ನುತ್ತೇವೆ. ಬೇರೆ ಕಡೆಯವರು ಗಾಬರಿಯಾಗಬಾರದು. ಹಗಲು ಅಕ್ಕನ ಬಳಿ ಒಬ್ಬರು ಬೇಕಿತ್ತು. ಸರ್ಕಾರಿ ಕಚೇರಿಯಿಂದ ನಿವೃತ್ತನಾಗಿ ಟಿಳಕವಾಡಿಯ ಮನೆಯಲ್ಲಿ ಕುಳಿತಿದ್ದ ನಾನು, ತುರ್ತು ಕರ್ತವ್ಯಕ್ಕೆ ಹಾಜರಾಗುವ ಗಾಂಭೀರ್ಯದಿಂದ, ದಿನಾ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋಗಿ ಸಂಜೆಯ ಗಾಡಿಗೆ ಮರಳುವುದಾಗಿ ಘೋಷಿಸಿದೆ. ನನ್ನ ಹೆಂಡತಿ ಈ ತ್ಯಾಗವನ್ನು ಕಣ್ಣೀರಿಲ್ಲದೆ ಸ್ವೀಕರಿಸಿದಳು. "ಹೋಗ್ರಿ. ನನ್ನ ತಲಿ ತಿನ್ನೂದು ಒಂದೀಟು ಕಡಿಮ್ಯಾಗತೈತಿ" ಅಂದಳು.

ಮೊದಲ ದಿನ ನಾನು ಆತ್ಮದ ಬಗ್ಗೆ ಇರುವ ಒಂದು ದಪ್ಪ ಪುಸ್ತಕ ಒಯ್ದೆ. ಕಾಯಿಲೆಯವರ ಪಕ್ಕದಲ್ಲಿ ಕುಳಿತು ಅಂಥದ್ದನ್ನು ಓದುವುದು ಪದ್ಧತಿ ಎಂದು ನನ್ನ ತಿಳಿವಳಿಕೆ. ಎರಡು ಪುಟವಾಗುವಷ್ಟರಲ್ಲಿ ಅಕ್ಕ ಕಣ್ಣು ತೆರೆದಳು.

"ಇದನ್ನ ಸಾಯೋರ ಮುಂದ ಓದತಾರ. ನಾ ಸಾಯಾಕತ್ತೀನೇನು?"

"ಇಲ್ಲವಾ."

"ಮತ್ತ ಮುಚ್ಚು ಅದನ್ನ. ಅದನ್ನ ಹೇಳು."

"ಯಾವುದನ್ನ?"

"ನನ್ನ ಲಗ್ನದಾಗ ಅರ್ಧಾ ಬಿಟ್ಟೆಲ್ಲ, ಅದನ್ನ. ಆ ರಾಣಿ ಇನ್ನೂ ಬುರುಜಿನ ಮ್ಯಾಲೆ ನಿಂತಿದ್ಲು. ವೈರಿ ದಂಡು ಕೆಳಗ ಸುತ್ತ ಹಾಕಿತ್ತು. ಮುಂದ ಏನಾತು?"

ಅಕ್ಕನ ಮದುವೆಯಾಗಿ ಐವತ್ತು ವರ್ಷದ ಮೇಲಾಯಿತು.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನಾನು ಶಾಲೆಗೆ ಹೋಗುತ್ತಿದ್ದಾಗ ಬೆಳಗಾವಿಯ ಪೇಟೆಯ ಒಂದು ಓಣಿಯಲ್ಲಿ ಪುಸ್ತಕಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿಯಿತ್ತು. ಕನ್ನಡದವು, ಮರಾಠಿಯವು ಒಂದೇ ಹಲಗೆಯ ಮೇಲೆ ಒಂದನ್ನೊಂದು ಒರಗಿ ನಿಂತಿರುತ್ತಿದ್ದವು. ಊರಿನಲ್ಲಿ ಮಂದಿ ಮಾಡಲಾರದ್ದನ್ನು ಅವು ಸದ್ದಿಲ್ಲದೆ ಮಾಡಿದ್ದವು. ಪತ್ತೇದಾರಿ ಒಂದು ಕಡೆ, ಸಾಂಸಾರಿಕ ಒಂದು ಕಡೆ. ಕೆಳಗಿನ ಹಲಗೆಯಲ್ಲಿ, ಗೌರವಸ್ಥರು ಬಗ್ಗಿದರಷ್ಟೇ ಕಾಣುವಂತೆ, ಬೇರೆ ಗ್ರಹಗಳ ಸಾಹಸ ಕಾದಂಬರಿಗಳು. ಎಲ್ಲೋ ದೂರದ ದೇಶದಲ್ಲಿ ಯಾರೋ ಬರೆದದ್ದನ್ನು ಇಲ್ಲಿ ಯಾರೋ ಅರೆಬರೆ ಇಳಿಸಿ, ಮುಖಪುಟದ ಮೇಲೆ ನೇರಳೆ ಆಕಾಶ, ಅದರ ಕೆಳಗೆ ಚಳಿಯಾಗದ ರಾಣಿ, ಅವಳ ಪಕ್ಕ ಕತ್ತಿ ಹಿಡಿದ ಭೂಮಿಯ ಗಂಡಸು. ಎಲ್ಲ ಪುಸ್ತಕದಲ್ಲೂ ಒಣಗಿದ ಸಮುದ್ರವಿರುತ್ತಿತ್ತು, ಗಾಳಿಯಲ್ಲಿ ತೇಲುವ ಹಡಗಿರುತ್ತಿತ್ತು, ಅಗತ್ಯಕ್ಕಿಂತ ಹೆಚ್ಚು ಕಾಲುಗಳಿದ್ದ ಪ್ರಾಣಿಗಳಿರುತ್ತಿದ್ದವು, ನಗುವಾಗ ಕಡ್ಡಾಯವಾಗಿ ಹಹಹಾ ಎಂದೇ ನಗುವ ಒಬ್ಬ ಮಹಾಪುರೋಹಿತನಿರುತ್ತಿದ್ದ. ಭೂಮಿಯವನು ಹೇಗೋ ಅಲ್ಲಿಗೆ ಹೋಗಿ ಬೀಳುತ್ತಿದ್ದ. ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಖಾನಾಪುರಕ್ಕೆ ಹೋಗುವ ಗಾಡಿ ತಡವಾದರೆ ಹತ್ತು ಪ್ರಶ್ನೆ ಕೇಳುವ ಮಂದಿ, ಗ್ರಹದಿಂದ ಗ್ರಹಕ್ಕೆ ಹೋದವನನ್ನು ಮರುಮಾತಿಲ್ಲದೆ ಬಿಟ್ಟುಬಿಡುತ್ತಿದ್ದರು.

ನಾನು ಓದಿ ಬಂದು, ಸಂಜೆ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಅದನ್ನೆಲ್ಲ ಹೇಳುತ್ತಿದ್ದೆ. ಅವಳನ್ನು ಏಳನೆಯದಕ್ಕೇ ಶಾಲೆ ಬಿಡಿಸಿದ್ದರು; ಬಾಡಿಗೆ ಪುಸ್ತಕಕ್ಕೆ ಅವಳ ಕೈ ಬಿಡುವಿರಲಿಲ್ಲ, ಕಿವಿ ಬಿಡುವಿತ್ತು. ಪುಸ್ತಕದಲ್ಲಿ ಕಥೆ ಮುಗಿದರೂ ನನ್ನಲ್ಲಿ ಮುಗಿಯುತ್ತಿರಲಿಲ್ಲ, ಏಕೆಂದರೆ ರೊಟ್ಟಿ ಇನ್ನೂ ಉಳಿದಿರುತ್ತಿದ್ದವು. ಹೀಗೆ ಹತ್ತಾರು ಪುಸ್ತಕಗಳ ರಾಣಿಯರು ಸೇರಿ ಒಬ್ಬಳೇ ರಾಣಿಯಾಗಿ, ಹತ್ತಾರು ಯುದ್ಧಗಳು ಸೇರಿ ಒಂದೇ ಮಹಾಯುದ್ಧವಾಗಿ, ಅವಳು ಬುರುಜಿನ ತುದಿಗೆ ಏರಿ ನಿಂತ ದಿನವೇ ಅಕ್ಕನನ್ನು ನೋಡಲು ಖಾನಾಪುರದಿಂದ ಮಂದಿ ಬಂದರು. ಆಮೇಲೆ ಮದುವೆ, ಅಕ್ಕಿಕಾಳು, ಅಳು, ಗಾಡಿ. ರಾಣಿಯನ್ನು ಕೆಳಗಿಳಿಸಲು ಯಾರಿಗೂ ನೆನಪಾಗಲಿಲ್ಲ. ಅರ್ಧ ಶತಮಾನ ಆ ಹೆಣ್ಣುಮಗಳು ಗಾಳಿಗೆ ಮೈಯೊಡ್ಡಿ ಅಲ್ಲೇ ನಿಂತಿದ್ದಳು. ನಾನು ಕಚೇರಿಯಲ್ಲಿ ಎಷ್ಟೋ ಕಡತಗಳನ್ನು ಮಲಗಿಸಿದವನು. ಆದರೆ ಇಷ್ಟು ಕಾಲ ನಿಲ್ಲಿಸಿಯೇ ಇಟ್ಟದ್ದು ಇದೊಂದನ್ನೇ.

ಮುಂದುವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಭಾಭಿ ಬಟ್ಟಲಲ್ಲಿ ಏನೋ ಮುಚ್ಚಿಕೊಂಡು ಒಳಗೆ ಬಂದರು. ಅವರ ಮನೆಯಲ್ಲಿ ದಖ್ಖನಿ, ನಮ್ಮ ಮನೆಯಲ್ಲಿ ಕನ್ನಡ, ಬೇಲಿಯ ಬಳಿ ಎರಡೂ, ತರಕಾರಿಯವಳ ಜೊತೆ ಮರಾಠಿ. ಅಕ್ಕನಿಗಿಂತ ಹದಿನೈದು ವರ್ಷ ಸಣ್ಣವರು. ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರದು.

"ಏನ ನಡದೈತ್ರಿ ಅಕ್ಕಾರ?"

"ಕುಂದರು. ನನ್ನ ತಮ್ಮ ಬ್ಯಾರೆ ಗ್ರಹದ ಕಥಿ ಹೇಳಾಕತ್ತಾನ."

"ಹಾಯ್! ರಾಜಾ ರಾಣಿ ಅದಾರೇನ್ರಿ ಅದರಾಗ?"

"ಅದಾರ. ತಮ್ಮಾ, ಭಾಭೀಗೆ ಹಿಂದಿಂದು ಗೊತ್ತಿಲ್ಲ. ಮೊದಲಿಂದ ಹೇಳು."

ರಾಣಿಯನ್ನು ಇನ್ನಷ್ಟು ದಿನ ಬುರುಜಿನ ಮೇಲೆ ಬಿಟ್ಟು ಮೊದಲಿಂದ ಹೇಳಿದೆ.

ಇಬ್ಬರೂ ನನ್ನ ಮೇಲಧಿಕಾರಿಗಳಿಗಿಂತ ಕಟ್ಟುನಿಟ್ಟಾಗಿದ್ದರು. ಭೂಮಿಯವನು ಯಾವ ಊರಿನವನು ಎಂಬುದು ಮೊದಲ ಆಕ್ಷೇಪಣೆ. ನಾನು ಬೆಳಗಾವಿ ಅಂದೆ. ಅಕ್ಕ ಒಪ್ಪಲಿಲ್ಲ. "ಬೆಳಗಾವ್ಯಾವ ಆಗಿದ್ರ ಚಾ ಕುಡದು ಹೋಗೂಣು ಅಂತ ಇಲ್ಲೇ ಉಳೀತಿದ್ದ. ಇಂವ ಖಾನಾಪುರ ತಾಲೂಕಿನವ." ಹಾಗೆಯೇ ತೀರ್ಮಾನವಾಯಿತು. ಆಮೇಲೆ ಅವನ ಹೆಸರು ಯಾರಿಗೂ ಬೇಕಾಗಲಿಲ್ಲ, 'ನಮ್ಮವ' ಎಂದೇ ಕರೆದರು. ಹಾರುವ ಹಡಗು ಕಟ್ಟಲು ಬರುವ ಜನ ಬಂದೂಕು ಬಿಟ್ಟು ಕತ್ತಿಯಲ್ಲೇಕೆ ಹೊಡೆದಾಡುತ್ತಾರೆ ಎಂದು ಅಕ್ಕ ಕೇಳಿದಳು. ಈ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ಉತ್ತರ ಕೊಟ್ಟಿಲ್ಲ ಎಂದು ನನ್ನ ಭಾವನೆ. ಒಣಗಿದ ಸಮುದ್ರದ ಊರಲ್ಲಿ ಮೀನು ಎಲ್ಲಿಂದ ತರುತ್ತಾರೆಂದು ಭಾಭಿ ಕೇಳಿದರು. ನಮ್ಮವ ಸವಾರಿ ಮಾಡುವ ಎಂಟು ಕಾಲಿನ ಪ್ರಾಣಿಯ ವರ್ಣನೆ ಬಂದಾಗ ಅಕ್ಕ, "ಅದಕ್ಕೇನಪಾ, ಒಂದ ಮುರದ್ರ ಏಳು ಉಳೀತಾವು" ಅಂದಳು. ಭಾಭಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಆ ದಿನ ಸಂಜೆ ಗಾಡಿಯಲ್ಲಿ ಬರುವಾಗ ನನಗೊಂದು ಉಪಾಯ ಹೊಳೆಯಿತು. ಇಂಥ ಕಥೆಗಳಲ್ಲಿ ಆ ಗ್ರಹದ ನೆಲದ ಸೆಳೆತ ಯಾವಾಗಲೂ ಕಡಿಮೆ. ಭೂಮಿಯವನು ಒಂದು ಹೆಜ್ಜೆಯಿಟ್ಟರೆ ಆಳೆತ್ತರ ಚಿಮ್ಮಿ ಬೀಳುತ್ತಾನೆ. ಅಂದರೆ ಅವನೂ ಹೊಸದಾಗಿ ನಡೆಯುವುದನ್ನು ಕಲಿಯಬೇಕು! ಗೋಡೆ ಹಿಡಿದು, ಒಂದೊಂದೇ ಹೆಜ್ಜೆ, ಹೆದರಿಕೆ ಮೀರಿ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ. ಮರುದಿನ ನಮ್ಮವನನ್ನು ಅರಮನೆಯ ಪಡಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ನಡೆಸತೊಡಗಿದೆ. ಬಿದ್ದ. ಎದ್ದ. ದಾದಿಯೊಬ್ಬಳು, "ವೀರನೇ, ಬೀಳುವುದು ಸೋಲಲ್ಲ, ಏಳದಿರುವುದು ಸೋಲು" ಅಂದಳು.

ಅಕ್ಕ ಕೈಯೆತ್ತಿದಳು.

"ನಿಂದರು."

"ಏನವಾ?"

"ಆ ದಾದಿ ಯಾರು? ಬೆಳಗಾವಿಂದ ಬರೂ ವ್ಯಾಯಾಮದ ಹುಡುಗೀ ಅವ್ವ ಏನ್ ಅಕಿ?"

"ಹಂಗಲ್ಲಕ್ಕಾ..."

"ನನಗ ಬುದ್ಧಿ ಹೇಳಾಕ ಕಥಿ ಕಟ್ಟಾಕತ್ತೀ? ಸಣ್ಣವ ಇದ್ದಾಗ ಮೂಗು ಒರಿಸಿ ಸಾಲಿಗೆ ಕಳಿಸೀನಿ ನಿನ್ನ. ನನಗ ಹೆಜ್ಜಿ ಹಾಕೂದ ಕಲಸ್ತೀ?"

ಗೋಡೆಯ ಕಡೆ ಹೊರಳಲು ಆಗದಿದ್ದುದರಿಂದ ಮುಖವನ್ನಷ್ಟೇ ಹೊರಳಿಸಿದಳು. ಭಾಭಿ ಎದ್ದು ಹೋಗುತ್ತಾ, "ಭಾಯಿಸಾಬ್, ನಮ್ಮವ ಹೊಡದಾಡ್ಲಿ ಬಿಡ್ರಿ. ನಡ್ಯಾಕ ನಾವೆಲ್ಲಾ ಅದೀವಿ" ಅಂದರು. ಎರಡು ದಿನ ಕಥೆ ಬಂದ್. ಮೂರನೆಯ ದಿನ ಅಕ್ಕನೇ ಷರತ್ತು ಹಾಕಿದಳು: ಯಾರೂ ಯಾರಿಗೂ ಬುದ್ಧಿ ಹೇಳಬಾರದು, ದಾದಿಯನ್ನು ಕೆಲಸದಿಂದ ತೆಗೆಯಬೇಕು, ರಾಣಿಯನ್ನು ತಕ್ಷಣ ತರಬೇಕು. ಮೂರನ್ನೂ ಒಪ್ಪಿ ಜಾರಿಗೆ ತಂದೆ. ಅಕ್ಕನ ಕಾಲಿನ ಬಗ್ಗೆ ನನ್ನ ಆಸೆಯನ್ನೂ ಅಂದೇ ಅರ್ಧ ಬಿಟ್ಟೆ. ವ್ಯಾಯಾಮದ ಹುಡುಗಿ ಅಂಗಳದಲ್ಲಿ ನನ್ನನ್ನು ತಡೆದು, "ಅಂಕಲ್, ಇನ್ನ ಭಾಳ ದಿನಾ ಕಾಯಾಕ ಆಗಂಗಿಲ್ರಿ" ಅಂದಿದ್ದಳು. ಹಿಡಿದು ನೋಡಿದರೆ ಆ ಕಾಲು ಇನ್ನೊಂದಕ್ಕಿಂತ ತೆಳ್ಳಗಾದದ್ದು ನನಗೇ ತಿಳಿಯುತ್ತಿತ್ತು.

ಹೀಗೆ ನಿಜವಾದ ಉದ್ದೇಶವೇನೂ ಇಲ್ಲದೆ, ಬರೀ ಕಥೆಗಾಗಿ ಕಥೆ ಹೇಳುತ್ತಿದ್ದ ಒಂದು ಮಧ್ಯಾಹ್ನ ತಪ್ಪು ನಡೆಯಿತು.

ಬುರುಜಿನ ಮೇಲಿರುವ ರಾಣಿ ಏನು ತಿನ್ನುತ್ತಾಳೆ ಎಂದು ಭಾಭಿ ಕೇಳಿದರು. ಊಟದ ವಿಷಯದಲ್ಲಿ ಅವರು ಯಾರನ್ನೂ ಬಿಡುವವರಲ್ಲ. ನನಗೆ ಏನೂ ಹೊಳೆಯದೆ, "ಏನೂ ಇಲ್ರಿ. ಚಂದ್ರ ಹುಟ್ಟೂ ತನಕ ಉಪಾಸ" ಅಂದುಬಿಟ್ಟೆ.

ಅಕ್ಕ ದಿಂಬಿನಿಂದ ತಲೆಯೆತ್ತಿದಳು. "ಸಂಕಷ್ಟಿ ಹಿಡದಾಳಾ?"

ಮೇಲಿನವರು ಕೇಳಿದ್ದಕ್ಕೆ ಹೌದೆನ್ನುವುದು ನನ್ನ ಸೇವಾವಧಿಯ ಅಭ್ಯಾಸ. ಹೌದು ಅಂದೆ. ಅಕ್ಕನ ಮುಖ ಅರಳಿತು. ಮದುವೆಯಾದಾಗಿನಿಂದ ಅಕ್ಕ ಸಂಕಷ್ಟಿ ತಪ್ಪಿಸಿದವಳಲ್ಲ. ದಿನವಿಡೀ ಉಪವಾಸ, ರಾತ್ರಿ ಚಂದ್ರನನ್ನು ನೋಡಿ, ಅವನಿಗೆ ನೀರು ಬಿಟ್ಟು, ಗಣಪತಿಗೆ ಮೋದಕ ತೋರಿಸಿ ಊಟ. ಬೇರೊಂದು ಗ್ರಹದಲ್ಲೂ ಈ ಪದ್ಧತಿ ಇದೆ ಎಂಬುದು ಅವಳಿಗೆ ಆಶ್ಚರ್ಯದ ವಿಷಯವಾಗಲಿಲ್ಲ, ಸಮಾಧಾನದ ವಿಷಯವಾಯಿತು. ಆದರೆ ಭಾಭಿ ಬೆರಳು ಗಲ್ಲಕ್ಕಿಟ್ಟರು.

"ಭಾಯಿಸಾಬ್, ಅಲ್ಲಿ ಎರಡ ಚಂದ್ರ ಅದಾವು ಅಂದಿದ್ರಿ ಮೊದಲ ದಿನಾ."

ಅಂದಿದ್ದೆ. ಅಂಥ ಗ್ರಹಗಳಿಗೆ ಎರಡು ಚಂದ್ರ ಇದ್ದೇ ಇರುತ್ತವೆ. ನೇರಳೆ ಆಕಾಶ, ಎರಡು ಚಂದ್ರ, ಇದು ಸಿದ್ಧ ಸಾಮಗ್ರಿ. ಅಂಗಡಿಯ ಕೆಳಗಿನ ಹಲಗೆಯ ಯಾವ ಪುಸ್ತಕ ತೆಗೆದರೂ ಸಿಗುತ್ತಿತ್ತು. ಅವುಗಳನ್ನು ಬರೆದ ಮಹನೀಯರು ಯಾರೂ ಸಂಕಷ್ಟಿ ಮಾಡುವವರಾಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಹಂಗಾದ್ರ ಯಾವ ಚಂದ್ರನ್ನ ನೋಡಿ ಉಣಬೇಕ್ರಿ ಅಕಿ?" ಭಾಭಿ ಕೇಳಿದರು. "ನಮ್ಮ ಮಂದಿ ಅಲ್ಲಿದ್ರ ದೊಡ್ಡ ತ್ರಾಸ ನೋಡ್ರಿ. ಒಂದ ಚಾಂದ್ ಕಾಣೂದಕ್ಕ ಇಷ್ಟ ಫೋನ್ ಮಾಡತೀವಿ. ಎರಡ ಇದ್ರ ಈದ್ ಯಾವತ್ತು?"

"ಎರಡೂ ನೋಡಬೇಕು," ಅಕ್ಕ ತೀರ್ಪು ಕೊಟ್ಟಳು. "ಒಂದನ್ನ ನೋಡಿ ಉಂಡ್ರ ಇನ್ನೊಂದಕ್ಕ ಸಿಟ್ಟ ಬರತೈತಿ."

ಕಥೆ ಮುಂದುವರಿಸಿದೆ. ಸಣ್ಣ ಚಂದ್ರ ಬೇಗ ಹುಟ್ಟಿತು. ದೊಡ್ಡದು ಬೆಟ್ಟದ ಹಿಂದೆ ಉಳಿಯಿತು. ಅಷ್ಟರಲ್ಲಿ ವೈರಿಗಳ ಬಾಣ ತಾಗಿ ರಾಣಿ ಬುರುಜಿನ ಒಳಕೋಣೆಯಲ್ಲಿ ಬಿದ್ದಳು. ಅವಳಿಗೆ ಆಕಾಶ ಕಾಣದು. ಮುದುಕ ಮಂತ್ರಿ ಓಡಿ ಬಂದು, 'ತಾಯೀ, ನಾನು ಎರಡನ್ನೂ ನನ್ನ ಕಣ್ಣಾರೆ ನೋಡಿದೆ, ಊಟ ಮಾಡಿ' ಎಂದ. ಬಾಣವನ್ನು ಎಲ್ಲಿಗೆ ತಾಗಿಸಿದೆ ಎಂಬುದನ್ನು, ಷರತ್ತಿಗೆ ಬದ್ಧನಾಗಿ, ನಾನು ಹೇಳಲಿಲ್ಲ. ಕಾಲಿನ ಸುದ್ದಿಯೇ ಬೇಡವೆಂದು ಮನಸ್ಸಿನಲ್ಲಿ ಭುಜಕ್ಕೆ ಎಂದೇ ಇಟ್ಟುಕೊಂಡಿದ್ದೆ.

"ಆತು, ಉಣ್ಲಿ," ಭಾಭಿ ಅಂದರು. "ಮೋಡ ಇದ್ರ ನಮಗೂ ಕಾಣಂಗಿಲ್ಲ. ನಂಬಿಗಸ್ಥ ಮಂದಿ ನೋಡೀವಿ ಅಂತ ಗವಾಹಿ ಕೊಟ್ರ ಸಾಕು, ನಡೀತೈತಿ."

"ನಡ್ಯಾಂಗಿಲ್ಲ."

"ಯಾಕ್ರಿ? ಮುದುಕ ಸುಳ್ಳ ಹೇಳತಾನೇನ್ರಿ?"

"ಮುದುಕ ಖರೇನ ಹೇಳಾಕತ್ತಾನ. ಆದ್ರ ನಿಮ್ಮ ಈದ್ ಇಡೀ ಊರಿಂದು. ಉಪಾಸ ಯಾರ ಹೊಟ್ಟೀದು? ಯಾರ ಹೊಟ್ಟಿ ಹಸದೈತಿ ಅವರ ಕಣ್ಣ ನೋಡಬೇಕು. ಬಾಜೂದವರ ಕಣ್ಣಾಗ ನೋಡಿ ತಾ ಉಂಡ್ರ ಅದೆಂಥಾ ಸಂಕಷ್ಟಿ? ರಾಣಿ ಅಂತ ರಾಣಿ. ಎದ್ದು ಬರ್ಲಿ."

ಭಾಭಿ ಬಹಳ ಹೊತ್ತು ವಾದಿಸಿದರು. ಕಾಯಿಲೆಯವರಿಗೆ ರಿಯಾಯಿತಿ ಇರುತ್ತದೆ, ದೇವರು ಅಷ್ಟು ಕಠಿಣನಲ್ಲ ಅಂದರು. ಅಕ್ಕ ಜಗ್ಗಲಿಲ್ಲ. ಸಂಜೆ ಗಾಡಿಗೆ ಹೊತ್ತಾಯಿತೆಂದು ನಾನು ಎದ್ದಾಗಲೂ ವಾದ ನಡೆದೇ ಇತ್ತು. ರಾಣಿ ಹಸಿದೇ ಉಳಿದಳು.

ಅದಾದ ಕೆಲವು ದಿನಕ್ಕೆ ನಮ್ಮ ಗ್ರಹದಲ್ಲೂ ಸಂಕಷ್ಟಿ ಬಂತು. ಹಿಂದಿನ ಸಂಕಷ್ಟಿಯಲ್ಲಿ ಅಕ್ಕ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿಕೊಂಡು ಮಲಗಿದ್ದಳು. ಅದನ್ನು ಉಪವಾಸವೆಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಸಲ ಮಾಡಿಯೇ ತೀರುತ್ತೇನೆ ಅಂದಳು. ಹಾಲು, ಸಾಬೂದಾಣಿ ಖಿಚಡಿ ತಿಂದು ಮಾತ್ರೆ ನುಂಗುವ ಒಪ್ಪಂದವಾಯಿತು. ನಾನು ಆ ರಾತ್ರಿ ಅಲ್ಲೇ ಉಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಅಚ್ಚಾಗಿತ್ತು, ಆದರೆ ಆ ಮನೆಯಲ್ಲಿ ಚಂದ್ರೋದಯ ಕ್ಯಾಲೆಂಡರಿನಂತೆ ಆಗುವುದಿಲ್ಲ. ಪೂರ್ವಕ್ಕೆ ಭಾಭಿಯ ಮನೆ. ಈಚೆಗೆ ಅವರು ಮೇಲೊಂದು ಅಂತಸ್ತು ಏರಿಸಿದ್ದಾರೆ. ಚಂದ್ರ ಅದನ್ನು ಹತ್ತಿ ದಾಟುವವರೆಗೆ ಅಕ್ಕನ ಅಂಗಳಕ್ಕೆ ಬೆಳಕಿಲ್ಲ. "ನನ್ನ ಚಂದ್ರನ್ನ ಅಡ್ಡ ಹಾಕೀರಿ" ಎಂಬುದು ತಿಂಗಳಿಗೊಮ್ಮೆ ಆಗುವ ಜಗಳ.

ಊಟದ ಹೊತ್ತಾಯಿತು. ಅಳಿಯನ ಹೆಂಡತಿ ಮೋದಕ ಮಾಡಿ, ಬೇಲಿ ದಾಟಿ ಭಾಭಿಯ ಅಂಗಳಕ್ಕೆ ಹೋಗಿ ನೋಡಿ ಬಂದಳು. ಅವಳ ಹಿಂದೆಯೇ ಭಾಭಿಯೂ ಬಂದು ಹೊಸ್ತಿಲ ಬಳಿ ನಿಂತರು.

"ಅತ್ಯಾರ, ಚಂದ್ರ ಬಂದಾನ್ರಿ. ಛಲೋ ಕಾಣಾಕತ್ತಾನ. ನಿಮ್ಮ ಹೆಸರಲೇ ನೀರೂ ಬಿಟ್ಟ ಬಂದೆ. ಇನ್ನ ಊಟಾ ಮಾಡ್ರಿ."

ತಾಟು ಬಂತು. ಅಕ್ಕ ಮೋದಕಕ್ಕೆ ಕೈ ಚಾಚಿದಳು.

"ಅಕ್ಕಾರ," ಭಾಭಿ ಮೆಲ್ಲಗೆ ಅಂದರು, "ರಾಣಿಗೆ ಬ್ಯಾರೆ ಹೇಳಿದ್ರೆಲ್ಲ."

ಅಕ್ಕನ ಕೈ ನಿಂತಿತು. ಮೊದಲು ನನ್ನನ್ನು ನೋಡಿದಳು. ಇದು ನನ್ನ ಸಂಚು ಎಂದು ಅವಳಿಗೆ ಅನುಮಾನ. ದೇವರಾಣೆ ನನಗೇನೂ ಗೊತ್ತಿರಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದ ನನ್ನ ಮುಖ ನೋಡಿ ಅವಳಿಗೂ ನಂಬಿಕೆ ಬಂದಿರಬೇಕು. ಅಷ್ಟು ಸಂಚು ಮಾಡುವ ಯೋಗ್ಯತೆ ಆ ಮುಖದಲ್ಲಿ ಇರಲಿಲ್ಲ.

"ಅದು ಕಥಿ," ಅಕ್ಕ ಅಂದಳು.

"ಹೌದ್ರಿ, ಕಥೀನ. ನಾ ಸುಮ್ನ ಕೇಳಿದೆ. ನೀವು ಉಣ್ರಿ. ನಾ ಯಾರ ಮುಂದೂ ಹೇಳಾಂಗಿಲ್ಲ."

ಭಾಭಿ ದೊಡ್ಡ ಮನಸ್ಸು ಮಾಡಿ ಕೊಟ್ಟ ಆ ಕೊನೆಯ ಭರವಸೆಯನ್ನು ಅಕ್ಕನಿಗೆ ಸಹಿಸಲಾಗಲಿಲ್ಲ. ತಾಟನ್ನು ಪಕ್ಕಕ್ಕೆ ಸರಿಸಿದಳು.

"ಆ ಆಡು ಎಳಕೊಂಡ ಬಾ," ಅಂದಳು.

ಟವೆಲ್ ತೆಗೆದು ಆಡನ್ನು ತಂದೆ. ಅಳಿಯ ಒಂದು ಕಡೆ, ಅವನ ಹೆಂಡತಿ ಒಂದು ಕಡೆ. ಅಕ್ಕ ಎದ್ದು ನಿಂತಾಗ ಕಾಲು ನಡುಗಿ ಕಬ್ಬಿಣವೂ ನಡುಗಿ ನೆಲದ ಮೇಲೆ ಟಕಟಕ ಸದ್ದಾಯಿತು. ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು. ಹೊಸ್ತಿಲವರೆಗೆ ಬಂದು ಅಲ್ಲಿಂದ ಕೆಳಗೆ ಅಂಗಳವನ್ನು ನೋಡಿದಳು. ಬಿದ್ದದ್ದು ಅಲ್ಲೇ. ಮುಖ ಬಿಳಿಚಿಕೊಂಡಿತು. ಸಾಕು, ಹಿಂದಕ್ಕೆ ಹೋಗೋಣ ಎಂದು ನಾನೇ ಹೇಳುವವನಿದ್ದೆ.

"ಸುಮ್ನ ಯಾಕ ನಿಂತೀ?" ಅಕ್ಕ ನನ್ನ ಕಡೆ ತಿರುಗದೆ ಗದರಿದಳು. "ಹೇಳು. ರಾಣಿ ಎಲ್ಲೀತನಕ ಬಂದ್ಲು?"

ಹೇಳಿದೆ. ರಾಣಿ ಗೋಡೆ ಹಿಡಿದು ಎದ್ದಳು ಅಂದೆ. ಬುರುಜಿನ ಮೆಟ್ಟಿಲಿಗೆ ಬಂದಳು ಅಂದೆ. ಮಂತ್ರಿ ಹಿಡಿಯಲು ಬಂದ, ಅವನನ್ನು ಬೈದಳು ಅಂದೆ. "ಬೈಬೇಕ," ಅಂದು ಅಕ್ಕ ಹೊಸ್ತಿಲಿಳಿದಳು. ಕೆಳಗೆ ಕತ್ತಿಗಳ ಸದ್ದು, ಮೇಲೆ ಹಡಗಿಗೆ ಬೆಂಕಿ, ನಮ್ಮವ ಎಂಟು ಕಾಲಿನದರ ಮೇಲೆ ಕುಳಿತು ಒಬ್ಬನೇ ದಂಡಿನ ನಡುವೆ ಹೊಕ್ಕಿದ್ದಾನೆ. ಅಕ್ಕ ಅಂಗಳದ ನಡುವೆ ಬಂದಳು. ಇಂಥ ಕಥೆಗಳಲ್ಲಿ ಬರುವ ಎಲ್ಲವನ್ನೂ, ಓದಿದ್ದು ಓದದ್ದು ಎಲ್ಲವನ್ನೂ, ಕೈಗೆ ಸಿಕ್ಕಂತೆ ಎಸೆಯುತ್ತಾ ಹೋದೆ. ಭಾಭಿ ಮುಂದೆ ಓಡಿ ಬೇಲಿಯ ತಡಿಕೆ ತೆಗೆದರು, ದಾರಿಯಲ್ಲಿದ್ದ ಸೈಕಲ್ಲು ಸರಿಸಿದರು, ಕೊಡ ಎತ್ತಿದರು, ಮಲಗಿದ್ದ ಕೋಳಿಗಳನ್ನು ಎಬ್ಬಿಸಿ ಬೈದರು. ಅಕ್ಕ ಬೇಲಿ ದಾಟಿ, ಅವರ ಮನೆಯ ಮೂಲೆ ತಿರುಗಿ, ನಿಂತಳು.

ಚಂದ್ರ ಕಾಣಿಸಿದ. ಒಂದು ಕಡೆ ಸವೆದಿದ್ದ, ಆದರೂ ಸಾಕಷ್ಟಿದ್ದ.

ಅಕ್ಕ ಕೈ ಮುಗಿಯಲು ಆಡನ್ನು ಬಿಡಬೇಕಿತ್ತು. ಬಿಟ್ಟಳು. ಅಳಿಯ ಹಿಂದಿನಿಂದ ಹಿಡಿದ. ತಂಬಿಗೆಯ ನೀರು ಬಿಟ್ಟಳು, ಅರ್ಧ ನನ್ನ ಕಾಲ ಮೇಲೆ ಬಿತ್ತು. ಮರಳಿ ಮನೆಯವರೆಗೆ ನಡೆಯುವುದಾಗದು ಎಂದು ಭಾಭಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಮೋದಕದ ತಾಟು ಬೇಲಿ ದಾಟಿ ಅಲ್ಲಿಗೇ ಬಂತು. ಭಾಭಿ ತಮ್ಮ ಮನೆಯ ದಿಂಬು ತಂದು ಅವಳ ಬೆನ್ನಿಗಿಟ್ಟು, ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒರೆಸಿಕೊಂಡಿದ್ದರು; ಹೊಗೆ ಅಂದರು. ಅವರ ಮನೆಯಲ್ಲಿ ಗ್ಯಾಸ್ ಒಲೆ.

ನಾನು ಆಯುಷ್ಯದಲ್ಲಿ ಯೋಗ್ಯ ಪುಸ್ತಕಗಳನ್ನೂ ಸಾಕಷ್ಟು ಓದಿದ್ದೇನೆ. ಅವುಗಳಿಗೆ ಋಣಿ ಎಂದು ಸಭೆಗಳಲ್ಲಿ ಹೇಳಿದ್ದೂ ಉಂಟು. ಆದರೆ ಆ ರಾತ್ರಿ ಒದ್ದೆ ಕಾಲಿನಲ್ಲಿ ನಿಂತು ನಾನು ಮನಸ್ಸಿನಲ್ಲಿ ಕೈ ಮುಗಿದದ್ದು ಆ ಕೆಳಗಿನ ಹಲಗೆಯವರಿಗೆ: ಹೊಟ್ಟೆಪಾಡಿಗಾಗಿ ಅವಸರದಲ್ಲಿ ಬರೆದವರಿಗೆ, ವಿಜ್ಞಾನ ಬಲ್ಲವರು ನಗುವಂತೆ ಬರೆದವರಿಗೆ, ಖಾನಾಪುರ ಎಲ್ಲಿದೆ ಎಂದು ಗೊತ್ತಿಲ್ಲದೆಯೇ ಸತ್ತವರಿಗೆ. ಎರಡು ಚಂದ್ರರನ್ನು ಏಕೆ ಇಟ್ಟರೋ ಅವರಿಗೇ ಗೊತ್ತು. ಇಟ್ಟದ್ದು ಉಪಕಾರವಾಯಿತು. ಭಾಭಿಗೆ ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ, "ನಾ ಸುಮ್ನ ಕೇಳಿದೆ" ಎಂದೇ ಅನ್ನುತ್ತಿದ್ದರು.

ಅಕ್ಕ ಮೊದಲ ಮೋದಕ ಬಾಯಿಗಿಟ್ಟುಕೊಳ್ಳುವ ಮೊದಲು ನನ್ನ ಕಡೆ ನೋಡಿದಳು.

"ಅಕೀದು ಇನ್ನೊಂದ ಚಂದ್ರ ಬಂತೇನು?"

"ಬಂತವಾ. ಈಗ ಬೆಟ್ಟ ದಾಟಿ ಬಂತು." ಖಗೋಳಶಾಸ್ತ್ರ ಏನು ಹೇಳುತ್ತದೋ ನನಗೆ ಗೊತ್ತಿಲ್ಲ. ನನ್ನ ಇಡೀ ಸೇವೆಯಲ್ಲಿ ಇಷ್ಟು ಬೇಗ ಯಾವ ಮಂಜೂರಾತಿಯನ್ನೂ ನಾನು ಕೊಟ್ಟಿ‍ರಲಿಲ್ಲ.

"ಅಕಿ ನೋಡಿದ್ಲು?"

"ತನ್ನ ಕಣ್ಣಾರೆ ನೋಡಿದ್ಲು."

"ನಮ್ಮವ?" ಭಾಭಿ ಕೇಳಿದರು. "ಅಂವ ಇನ್ನೂ ಕೆಳಗ ಒಬ್ಬಾವನ ಅದಾನಲ್ರಿ, ಇಡೀ ದಂಡಿನಾಗ."

"ಇರ್ಲಿ," ಅಕ್ಕ ಅಗಿಯುತ್ತಾ ಅಂದಳು. "ಅಂವ ಹೊಡದಾಡ್ಲಿ. ಅಕಿ ಮೊದಲ ಉಣ್ಲಿ."